ಅಡಿಕೆ, ಉಪ್ಪಾಗೆ ಮತ್ತು ಅಬ್ಬಾನ ಮಾತ್ರೆ

ಈಚೆಗೆ ನಮ್ಮ ಕಾಲೇಜಿನ ಮಕ್ಕಳ ಮೊಬೈಲುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಅಡಿಕೆಯ ಸಾರ ಕೊಲೆಸ್ಟರಾಲ್ ಇಳಿಸುತ್ತದಂತೆ, ಹೊರದೇಶದ ವಿಜ್ಞಾನಿಗಳು ಅದನ್ನು ಸಾಬೀತು ಮಾಡಿದ್ದಾರಂತೆ, ಆದ್ದರಿಂದ ಅಡಿಕೆ ಬೆಳೆಯುವ ಪ್ರತಿಯೊಬ್ಬರೂ ಇದನ್ನು ಹತ್ತು ಜನಕ್ಕೆ ಕಳಿಸಬೇಕಂತೆ. ಚನ್ನಗಿರಿ ಕಡೆಯಿಂದ ಬರುವ ದ್ವಿತೀಯ ಪಿಯು ಹುಡುಗನೊಬ್ಬ ಅದನ್ನು ತೋರಿಸಿ, "ಸರ್, ಇದು ನಿಜವಾ?" ಎಂದು ಕೇಳಿದ. ಅರ್ಧ ನಿಜ ಎಂದೆ. ಉಳಿದ ಅರ್ಧವನ್ನು ಕಾರಿಡಾರಿನಲ್ಲಿ ನಿಂತು ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಈ ಸಂದೇಶವನ್ನು ನಂಬಿದವರನ್ನು ನೋಡಿ ನಗುವವನು ನಾನಲ್ಲ. ಚನ್ನಗಿರಿಯಲ್ಲಿ ಅಡಿಕೆ ಎಂದರೆ ಕೇವಲ ಬೆಳೆ ಅಲ್ಲ. ಮಗಳ ಮದುವೆ, ಮಗನ ಸೀಟು, ಊರ ಮಸೀದಿಗೆ ಕೊಡುವ ಚಂದಾ, ದೇವಸ್ಥಾನದ ಜೀರ್ಣೋದ್ಧಾರ, ಎಲ್ಲವೂ ರಾಶಿ ಅಡಿಕೆಯ ಧಾರಣೆಯ ಮೇಲೆ ನಿಂತಿವೆ. ತೋಟ ಇದ್ದವರಷ್ಟೇ ಅಲ್ಲ, ಖೇಣಿ ಹಿಡಿಯುವವರು, ಕೊನೆ ತೆಗೆಯುವವರು, ಸುಲಿಯುವವರು, ಬೇಯಿಸುವವರು, ಚೀಲ ಹೊರುವವರು, ಲಾರಿ ಓಡಿಸುವವರು ಎಲ್ಲರೂ ಅದರಿಂದಲೇ ಉಣ್ಣುತ್ತಾರೆ. ನಿಮ್ಮಲ್ಲಿ ಎಷ್ಟೋ ಜನರ ಅಮ್ಮಂದಿರು ಹಂಗಾಮಿನಲ್ಲಿ ರಾತ್ರಿ ಕೂತು ಅಡಿಕೆ ಸುಲಿದು ನಿಮ್ಮ ಫೀಸು ಕಟ್ಟಿದ್ದಾರೆ. ಭದ್ರಾ ನೀರು ಬಂದ ಮೇಲೆ ಹೊನ್ನಾಳಿ, ನ್ಯಾಮತಿ ಕಡೆಯ ಭತ್ತದ ಗದ್ದೆಗಳೂ ತೋಟವಾಗುತ್ತಿವೆ. ಜಗಳೂರಿನಂಥ ಬರದ ಸೀಮೆಯಲ್ಲೂ ಬೋರ್‌ವೆಲ್‌ನಲ್ಲಿ ನೀರು ಸಿಕ್ಕವರು ಸಸಿ ನೆಟ್ಟಿದ್ದಾರೆ. ಹೀಗಿರುವಾಗ ಅಡಿಕೆಯ ಬಗ್ಗೆ ಯಾರಾದರೂ ಒಂದು ಒಳ್ಳೆಯ ಮಾತು ಹೇಳಿದರೆ ಕಿವಿಗೆ ಇಂಪಾಗುವುದು ಸಹಜ.

ಈಗ ಆ ಅರ್ಧ ನಿಜ ಏನೆಂದು ನೋಡೋಣ. 2000ದ ಸುಮಾರಿಗೆ ಕೊರಿಯಾದ ಕೆಲವು ವಿಜ್ಞಾನಿಗಳು ಇಲಿಗಳಿಗೆ ಕೊಲೆಸ್ಟರಾಲ್ ಬೆರೆಸಿದ ಆಹಾರ ಕೊಟ್ಟು, ಅದರಲ್ಲಿ ಕೆಲವಕ್ಕೆ ಅಡಿಕೆಯಿಂದ ತೆಗೆದ ಸಾರವನ್ನೂ ಸೇರಿಸಿದರು. ಸಾರ ತಿಂದ ಇಲಿಗಳ ಕರುಳು ಕೊಲೆಸ್ಟರಾಲನ್ನು ಕಡಿಮೆ ಹೀರಿಕೊಂಡಿತು. ಕಾರಣ ಹೀಗಿದೆ. ನಾವು ತಿನ್ನುವ ಕೊಲೆಸ್ಟರಾಲಿನ ಒಂದು ಭಾಗ ಕೊಬ್ಬಿನ ಆಮ್ಲದ ಜೊತೆ ಜೋಡಿಕೊಂಡಿರುತ್ತದೆ. ಮೇದೋಜ್ಜೀರಕ ಗ್ರಂಥಿಯಿಂದ ಬರುವ ಕೊಲೆಸ್ಟರಾಲ್ ಎಸ್ಟರೇಸ್ ಎಂಬ ಕಿಣ್ವ ಆ ಜೋಡಿಯನ್ನು ಬಿಡಿಸಿದರೆ ಮಾತ್ರ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಡಿಕೆಯ ಸಾರ ಈ ಕಿಣ್ವದ ಕೈ ಕಟ್ಟಿತು. ಇದು ಸುಳ್ಳಲ್ಲ, ಪ್ರಕಟವಾದ ಸಂಶೋಧನೆ. ನನ್ನ ದೃಷ್ಟಿಯಲ್ಲಿ ಚೆಂದದ ಸಂಶೋಧನೆಯೂ ಹೌದು.

ಆದರೆ ಅಲ್ಲಿಂದ "ಅಡಿಕೆ ಜಗಿಯಿರಿ, ಹೃದಯ ಕಾಪಾಡಿಕೊಳ್ಳಿ" ಎಂಬಲ್ಲಿಗೆ ಬರಬೇಕಾದರೆ ಮೂರು ಹಳ್ಳ ದಾಟಬೇಕು. ಮೊದಲನೆಯದು, ಸಾರ ಬೇರೆ, ಅಡಿಕೆ ಬೇರೆ. ಚನ್ನಗಿರಿಯವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ಕೂಡ ಒಂದು ಸಾರವೇ. ಅದರಲ್ಲಿ ಟ್ಯಾನಿನ್ ತುಂಬಿರುತ್ತದೆ. ಹೆಗ್ಗೋಡಿನ ಚರಕ ಸಂಸ್ಥೆಯವರು ಅದರಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಆ ಕಾರಣಕ್ಕೆ ಯಾರೂ ಅಂಗಿಯ ಮೇಲೆ ಅಡಿಕೆ ಉಜ್ಜಿಕೊಂಡು ಓಡಾಡುವುದಿಲ್ಲ. ಎರಡನೆಯದು, ಇಲಿ ಬೇರೆ, ಮನುಷ್ಯ ಬೇರೆ. ಇದಕ್ಕೆ ಮುಂದೆ ಬರುತ್ತೇನೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇಲಿಯ ಹೊಟ್ಟೆಗೆ ಸಾರ ಊಟದ ಜೊತೆ ಹೋಯಿತು. ನಮ್ಮಲ್ಲಿ ಅಡಿಕೆ ಗಂಟೆಗಟ್ಟಲೆ ಕೆನ್ನೆಯ ಒಳಗೆ ಕೂರುತ್ತದೆ.

ಆ ಕೆನ್ನೆಯ ಕಥೆ ಗೊತ್ತಿರುವುದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರಿಸದಿದ್ದರೂ ಅಡಿಕೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ಮೊದಲನೆಯ ಗುಂಪಿಗೆ ಸೇರಿಸಿತು. ಕ್ಯಾನ್ಸರಿಗೂ ಮೊದಲು ಬರುವುದು ಬಾಯಿಯ ಒಳಪದರ ಗಟ್ಟಿಯಾಗಿ, ನಾರುನಾರಾಗಿ, ದವಡೆ ತೆರೆಯಲಾಗದ ಸ್ಥಿತಿ. ಇಪ್ಪತ್ತೆರಡು ವರ್ಷದ ಹುಡುಗ ಬಾಯಿಗೆ ಎರಡು ಬೆರಳು ಹಾಕಲಾಗದೆ ಅನ್ನ ಕಲಸಿ ಕುಡಿಯುವುದನ್ನು ನಿಮ್ಮ ಓಣಿಯಲ್ಲೇ ನೋಡಿರಬಹುದು. ಇನ್ನು ಕೊಬ್ಬಿನ ವಿಷಯಕ್ಕೇ ಬಂದರೂ ಲೆಕ್ಕ ಉಲ್ಟಾ ಇದೆ. ಏಷ್ಯಾದಲ್ಲಿ ಅಡಿಕೆ ಜಗಿಯುವವರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಜಗಿಯುವವರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ಹೃದ್ರೋಗ ಮೂರೂ ಜಗಿಯದವರಿಗಿಂತ ಹೆಚ್ಚು ಕಂಡುಬಂದವು. ಇಲಿಯಲ್ಲಿ ಕೊಲೆಸ್ಟರಾಲ್ ಇಳಿಸಿದ ವಸ್ತುವನ್ನೇ ಜಗಿಯುವ ಮನುಷ್ಯರ ಹೃದಯ ಇನ್ನಷ್ಟು ಕೆಟ್ಟಿತ್ತು.

ಬೆಳೆಗಾರರ ಸಂಕಟವನ್ನು ನಾನು ಹಗುರ ಮಾಡುತ್ತಿಲ್ಲ. ಕ್ಯಾನ್ಸರ್ ಎಂಬ ಮಾತು ಬಂದಾಗಲೆಲ್ಲ ಧಾರಣೆ ಕುಸಿಯುವ ಭಯ ಬೆಳೆಗಾರನದು. ಅವನು ಯಾರ ಬಾಯಿಗೂ ಗುಟ್ಕಾ ತುರುಕಲಿಲ್ಲ. ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಮರುದಿನದಿಂದಲೇ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಒಂದೇ ಅಂಗಡಿಯ ಒಂದೇ ದಾರದಲ್ಲಿ ನೇತಾಡತೊಡಗಿದವು. ಜಾಣತನ ಯಾರದು, ಬೈಗುಳ ಯಾರಿಗೆ ಎಂದು ಯೋಚಿಸಿ. ಆದರೆ ಬೆಳೆಗಾರನನ್ನು ಉಳಿಸಲು ಇಲಿಯ ಸಂಶೋಧನೆಯನ್ನು ಗುರಾಣಿ ಮಾಡಿಕೊಳ್ಳುವುದು ಅವನಿಗೇ ಮಾಡುವ ಅಪಚಾರ. ಚೊಗರಿನಿಂದ ಬಣ್ಣ, ಸಿಪ್ಪೆಯಿಂದ ನಾರು, ಹಾಳೆಯಿಂದ ತಟ್ಟೆ, ಇನ್ನೂ ಯಾವ ಯಾವ ಸಾರದಿಂದ ಏನೇನು ಬರಬಹುದೋ ಅದನ್ನು ಹುಡುಕುವ ಕೆಲಸ ನಮ್ಮ ಸಹಕಾರ ಸಂಘಗಳದ್ದು, ತುಮ್ಕೋಸ್‌ನಂಥ ಸಂಸ್ಥೆಗಳದ್ದು, ನಾಳೆ ರಸಾಯನಶಾಸ್ತ್ರ ಓದಿ ಹೊರಬರುವ ನಿಮ್ಮದು. ಅಡಿಕೆಗೆ ಬಾಯಿಯ ಹೊರಗೆ ಒಂದು ಭವಿಷ್ಯ ಕಟ್ಟಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲಿ ಬೇರೆ, ಮನುಷ್ಯ ಬೇರೆ ಎಂದೆನಲ್ಲ. ಅದಕ್ಕೆ ಉಪ್ಪಾಗೆಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಮೇಲಾಗಿ ಅದು ನಮ್ಮ ರಾಜ್ಯದ್ದೇ ಕಥೆ.

ನ್ಯಾಮತಿ ದಾಟಿ ಶಿವಮೊಗ್ಗದ ಮೂಲಕ ಘಟ್ಟದ ಕಡೆ ಹೋದರೆ ಕಾಡಿನಲ್ಲಿ ಉಪ್ಪಾಗೆ ಮರ ಸಿಗುತ್ತದೆ. ಪುಟ್ಟ ಕುಂಬಳಕಾಯಿಯ ಹಾಗೆ ಗೀರುಗೀರಾದ ಹಣ್ಣು. ಅದರ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಹುಣಸೆಯ ಬದಲು ಹುಳಿಗೆ ಬಳಸುತ್ತಾರೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಅದರ ಹುಳಿ ಯಾವ ಆಮ್ಲದ್ದು ಎಂಬುದು ಬಹಳ ಕಾಲ ಸರಿಯಾಗಿ ಗೊತ್ತಿರಲಿಲ್ಲ. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವ ಕಡೆ, ಲೂಯಿಸ್ ಮತ್ತು ನೀಲಕಂಠನ್ ಎಂಬಿಬ್ಬರು ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಪ್ರಕಟಿಸಿದರು. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಿಗೆ ಅಂಟಿಕೊಂಡ ರೂಪ, ಅಷ್ಟೇ.

ಆ ಒಂದು ಹೆಚ್ಚಿನ ಗುಂಪು ಮಾಡುವ ಚಮತ್ಕಾರ ನೋಡಿ. ಪಿಯುನಲ್ಲಿ ಕ್ರೆಬ್ಸ್ ಚಕ್ರ ಓದುವಾಗ ಸಿಟ್ರಿಕ್ ಆಮ್ಲವನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೀರಿ. ಊಟ ಹೆಚ್ಚಾದಾಗ ಈ ಸಿಟ್ರೇಟ್ ಮೈಟೊಕಾಂಡ್ರಿಯದಿಂದ ಹೊರಗೆ ಬರುತ್ತದೆ. ಅಲ್ಲಿ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಅದನ್ನು ಸೀಳಿ ಅಸಿಟೈಲ್ ಕೋ-ಎ ಕೊಡುತ್ತದೆ. ಆ ಅಸಿಟೈಲ್ ಕೋ-ಎ ಇಂದಲೇ ಜೀವಕೋಶ ಕೊಬ್ಬನ್ನೂ ಕಟ್ಟುತ್ತದೆ, ಕೊಲೆಸ್ಟರಾಲನ್ನೂ ಕಟ್ಟುತ್ತದೆ. ಇಟ್ಟಿಗೆ ಭಟ್ಟಿಯೇ ಅದು. 1969ರಲ್ಲಿ ಅಮೆರಿಕದ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಉಪ್ಪಾಗೆಯ ಆಮ್ಲ ಈ ಕಿಣ್ವವನ್ನು ಬಲವಾಗಿ ತಡೆಯುತ್ತದೆ ಎಂದು ತೋರಿಸಿದರು. ಸಿಟ್ರಿಕ್ ಆಮ್ಲದ ವೇಷದಲ್ಲಿ ಬಂದು ಕಿಣ್ವದ ಬಾಗಿಲಲ್ಲೇ ಕೂತುಬಿಡುತ್ತದೆ. ಎಪ್ಪತ್ತರ ದಶಕದಲ್ಲಿ ಇಲಿಗಳಿಗೆ ತಿನ್ನಿಸಿದಾಗ ಅವುಗಳ ದೇಹದಲ್ಲಿ ಕೊಬ್ಬು ತಯಾರಾಗುವುದು ಕಡಿಮೆಯಾಯಿತು, ತೂಕವೂ ಅಷ್ಟಾಗಿ ಏರಲಿಲ್ಲ.

ಇಷ್ಟು ಸಾಕಾಯಿತು ಮಾರುಕಟ್ಟೆಗೆ. ತೊಂಬತ್ತರ ದಶಕದಲ್ಲಿ 'ಗಾರ್ಸೀನಿಯಾ' ಎಂಬ ಹೆಸರಿನ ತೂಕ ಇಳಿಸುವ ಮಾತ್ರೆಗಳು ಪ್ರಪಂಚದ ತುಂಬ ಮಾರಾಟವಾದವು. ಉತ್ತರ ಕನ್ನಡ, ಶಿವಮೊಗ್ಗದ ಕಾಡುಗಳಲ್ಲಿ ಉಪ್ಪಾಗೆ ಸಿಪ್ಪೆಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಹಣ್ಣಾಗುವ ಮೊದಲೇ ಕೀಳಲು ಪೈಪೋಟಿ, ಕೈಗೆ ಎಟುಕದ ಕಡೆ ಕೊಂಬೆಗೇ ಕೊಡಲಿ. ಒಣಗಿಸಲು ಸುಟ್ಟ ಸೌದೆಯೂ ಅದೇ ಕಾಡಿನದು. ಅಮೆರಿಕದವರ ಸೊಂಟ ಸಣ್ಣಗಾಗಲೆಂದು ನಮ್ಮ ಘಟ್ಟ ಸಣ್ಣಗಾಯಿತು.

ಸೊಂಟವಾದರೂ ಸಣ್ಣಗಾಯಿತೇ? 1998ರಲ್ಲಿ ನ್ಯೂಯಾರ್ಕಿನಲ್ಲಿ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರು 135 ದಪ್ಪ ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಉಪ್ಪಾಗೆಯ ಆಮ್ಲ, ಇನ್ನೊಂದಕ್ಕೆ ಏನೂ ಇಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿಲ್ಲ, ತಿಂದವರಿಗೂ ಗೊತ್ತಿಲ್ಲ. ಎರಡೂ ಗುಂಪಿಗೆ ಊಟದ ಪಥ್ಯ ಒಂದೇ. 12 ವಾರಗಳ ನಂತರ ತೂಗಿದಾಗ ಉಪ್ಪಾಗೆ ಗುಂಪು ಸರಾಸರಿ 3.2 ಕಿಲೋ ಇಳಿದಿತ್ತು. ಹುಸಿಮಾತ್ರೆಯ ಗುಂಪು 4.1 ಕಿಲೋ ಇಳಿದಿತ್ತು. ಲೆಕ್ಕಶಾಸ್ತ್ರದ ಪ್ರಕಾರ ಎರಡಕ್ಕೂ ವ್ಯತ್ಯಾಸವಿಲ್ಲ. ಇಳಿಸಿದ್ದು ಪಥ್ಯ, ಮಾತ್ರೆಯಲ್ಲ. ಇಲಿಯ ಲಿವರ್ ಹಿಟ್ಟು ಸಕ್ಕರೆಗಳಿಂದ ಹೊಸ ಕೊಬ್ಬನ್ನು ಧಾರಾಳವಾಗಿ ಕಟ್ಟುತ್ತದೆ. ಮನುಷ್ಯ ಸಾಮಾನ್ಯ ಊಟ ಮಾಡುವಾಗ ಹೀಗೆ ಕಟ್ಟುವುದು ಬಹಳ ಕಡಿಮೆ. ನಮ್ಮ ಬೊಜ್ಜು ಹೆಚ್ಚಾಗಿ ತಟ್ಟೆಯಲ್ಲಿದ್ದ ಎಣ್ಣೆ ತುಪ್ಪವೇ. ನಡೆಯದ ಭಟ್ಟಿಗೆ ಬೀಗ ಹಾಕಿದರೆ ಏನು ಬಂತು?

2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಹೈಡ್ರಾಕ್ಸಿಕಟ್ ಎಂಬ ತೂಕ ಇಳಿಸುವ ಉತ್ಪನ್ನವನ್ನು ಬಳಸಬೇಡಿ ಎಂದು ಜನರಿಗೆ ಎಚ್ಚರಿಕೆ ಕೊಟ್ಟಿತು. ಲಿವರ್ ಕೆಟ್ಟ 23 ವರದಿಗಳು ಬಂದಿದ್ದವು, ಒಬ್ಬರು ಸತ್ತಿದ್ದರು. ಅದರ ಕೆಲವು ಬಗೆಗಳಲ್ಲಿ ಉಪ್ಪಾಗೆ ಸಾರವೂ ಇತ್ತು. ಹತ್ತಾರು ವಸ್ತು ಬೆರೆತ ಡಬ್ಬಿಯಲ್ಲಿ ಕಳ್ಳ ಯಾರೆಂದು ಬೆರಳು ತೋರಿಸುವುದು ಕಷ್ಟ. ಬೆರಕೆ ಮಾಡುವವರಿಗೆ ಅನುಕೂಲವೂ ಅದೇ. ಚಹಾದ ವಿಷಯದಲ್ಲೂ ಹೀಗೇ. ಗ್ರೀನ್ ಟೀ ಕುಡಿದವರಿಗೆ ಏನೂ ಆಗುವುದಿಲ್ಲ. ಅದರ ಸಾರವನ್ನು ಮಾತ್ರೆ ಮಾಡಿ ದಿನಕ್ಕೆ 800 ಮಿಲಿಗ್ರಾಂ ಇಜಿಸಿಜಿ ದೇಹಕ್ಕೆ ಹೋಗುವಂತೆ ತಿಂದರೆ ಲಿವರಿಗೆ ಪೆಟ್ಟು ಬೀಳುವ ಲಕ್ಷಣ ಕಾಣುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಗಿಡವನ್ನು ಸಾರ ಮಾಡಿದ ಕೂಡಲೇ ಅದು ಅಡುಗೆಮನೆಯಿಂದ ಔಷಧದ ಕಪಾಟಿಗೆ ಹೋಗುತ್ತದೆ. ಆಗ ಔಷಧಕ್ಕೆ ಕೇಳುವ ಪ್ರಶ್ನೆಗಳನ್ನೇ ಅದಕ್ಕೂ ಕೇಳಬೇಕು.

ಉಪ್ಪಾಗೆಯ ಕಥೆಗೆ ಒಂದು ಬಾಲವಿದೆ. ನನಗೆ ಬಹಳ ಇಷ್ಟವಾದ ಭಾಗ ಅದು. ಅದೇ ಕಿಣ್ವವನ್ನು, ಆದರೆ ಲಿವರಿನಲ್ಲಿ ಮಾತ್ರ, ತಡೆಯುವಂಥ ಬೆಂಪೆಡೋಯಿಕ್ ಆಮ್ಲ ಎಂಬ ಔಷಧವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಲಾಯಿತು. ಅಮೆರಿಕದಲ್ಲಿ ಅದಕ್ಕೆ 2020ರಲ್ಲಿ ಅನುಮತಿ ಸಿಕ್ಕಿತು. ಸ್ಟಾಟಿನ್ ಮಾತ್ರೆ ಒಗ್ಗದ 13,970 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಅನಾಹುತಗಳು ಶೇ 13ರಷ್ಟು ಕಡಿಮೆಯಾದವು. ಮೈಸೂರಿನಲ್ಲಿ ಒಂದು ಹುಳಿಹಣ್ಣಿನ ಆಮ್ಲವನ್ನು ಗುರುತಿಸಿದ್ದಕ್ಕೂ ಇದಕ್ಕೂ ನಡುವೆ 58 ವರ್ಷ. ಗುರಿ ಸರಿಯಿತ್ತು, ಬಾಣ ಬೇರೆ ಬೇಕಿತ್ತು. ಡಬ್ಬಿ ಮಾರುವವರಿಗೆ ಆ 58 ವರ್ಷ ಕಾಯುವ ತಾಳ್ಮೆ ಇರಲಿಲ್ಲ.

ಗುಗ್ಗುಳದ್ದೂ ಇದೇ ಜಾತಕ. ಸುಶ್ರುತ ಸಂಹಿತೆಯಲ್ಲಿ ಮೇದಸ್ಸಿನ ರೋಗಕ್ಕೆ ಗುಗ್ಗುಳ ಹೇಳಿರುವುದನ್ನು ಹಿಡಿದು, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಡಾ. ಜಿ.ವಿ. ಸತ್ಯವತಿ 1966ರಲ್ಲಿ ಮೊಲಗಳ ಮೇಲೆ ಅದರ ಪರಿಣಾಮ ತೋರಿಸಿದರು. ಮುಂದೆ ಅವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥೆಯಾದರು. ಹಳೆಯ ಗ್ರಂಥವನ್ನು ಪೂಜೆ ಮಾಡದೆ ಪರೀಕ್ಷೆಗೆ ಒಡ್ಡಿದ ಆ ಧೈರ್ಯ ನನಗೆ ದೊಡ್ಡದಾಗಿ ಕಾಣುತ್ತದೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅದರಿಂದ ಗುಗ್ಗುಲಿಪಿಡ್ ತಯಾರಿಸಿತು, ಎಂಬತ್ತರ ದಶಕದಲ್ಲಿ ದೇಶದ ಮಾರುಕಟ್ಟೆಗೂ ಬಂತು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಜನರಿಗೆ 8 ವಾರ ಕೊಟ್ಟು ನೋಡಿದಾಗ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಇಳಿಯುವ ಬದಲು ಶೇ 4-5ರಷ್ಟು ಏರಿತು. ಕೆಲವರಿಗೆ ಮೈಮೇಲೆ ಗಂದೆ ಎದ್ದಿತು. ಅಲ್ಲಿನವರ ಊಟ ಬೇರೆ, ದೇಹ ಬೇರೆ ಎಂಬ ವಾದ ಉಂಟು. ಇರಬಹುದು. ಹಾಗಿದ್ದರೆ ಅಷ್ಟೇ ಕಟ್ಟುನಿಟ್ಟಾಗಿ ಇಲ್ಲಿಯೂ ಪರೀಕ್ಷೆ ಮಾಡಿ ತೋರಿಸುವುದು ಮಾರುವವರ ಹೊಣೆ.

ಇನ್ನು ನಮ್ಮ ಅಡುಗೆಮನೆಗೆ ಬರೋಣ. ನಮ್ಮ ಮನೆಗಳಲ್ಲಿ ಕಲೋಂಜಿಗೆ ಇರುವ ಗೌರವ ಎಲ್ಲರಿಗೂ ಗೊತ್ತು. ಆ ಗೌರವ ನನಗೂ ಇದೆ, ದಾದಿಯ ಕೈಯಿಂದ ಜೇನಿನ ಜೊತೆ ತಿಂದು ಬೆಳೆದವನು ನಾನು. ಸಣ್ಣ ಸಣ್ಣ ಅಧ್ಯಯನಗಳಲ್ಲಿ ಅದು ಕೊಲೆಸ್ಟರಾಲನ್ನು ಸ್ವಲ್ಪ ಇಳಿಸಿರುವುದೂ ಉಂಟು. ಆದರೆ ಈಗ ಮೊಬೈಲಿನಲ್ಲಿ ಓಡುತ್ತಿರುವ ಇನ್ನೊಂದು ಪುಡಿಯ ಪಾಕ ನೋಡಿ: ಮೆಂತ್ಯ 250 ಗ್ರಾಂ, ಓಮ 100 ಗ್ರಾಂ, ಕಾಡುಜೀರಿಗೆ 50 ಗ್ರಾಂ, ರಾತ್ರಿ ಬಿಸಿನೀರಿನಲ್ಲಿ ಒಂದು ಚಮಚ. ಹಿಂದಿಯಿಂದ ಬಂದ ಈ ಪಾಕದಲ್ಲಿರುವುದು 'ಕಾಲಿ ಜೀರಿ', ಅಂದರೆ ನಮ್ಮ ಕಾಡುಜೀರಿಗೆ, ಹುಳದ ಔಷಧಿ. ಅಂಗಡಿಗೆ ಹೋಗಿ 'ಕರಿಜೀರಿಗೆ' ಎಂದರೆ ಸಿಗುವುದು ಕಲೋಂಜಿ. ಎರಡೂ ಬೇರೆ ಬೇರೆ ಕುಲದ ಗಿಡಗಳು. ಹೆಸರೇ ಗೊತ್ತಿಲ್ಲದ ಪುಡಿಯನ್ನು 'ನೈಸರ್ಗಿಕ' ಎಂಬ ಒಂದೇ ಮಾತಿಗೆ ಮರುಳಾಗಿ ವಯಸ್ಸಾದವರಿಗೆ ತಿನ್ನಿಸುತ್ತಿದ್ದೇವೆ.

ಮೆಂತ್ಯದ ಬಗ್ಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಒಳ್ಳೆಯ ಕೆಲಸ ನಡೆದಿದೆ. 1990ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ ಮೆಂತ್ಯ ತಿಂದ ಸಕ್ಕರೆ ಕಾಯಿಲೆಯವರ ಕೊಲೆಸ್ಟರಾಲ್ ಇಳಿದದ್ದು ನಿಜ. ಆದರೆ ಅವರು ತಿಂದದ್ದು ಎಣ್ಣೆ ತೆಗೆದ ಮೆಂತ್ಯದ ಪುಡಿ ದಿನಕ್ಕೆ 100 ಗ್ರಾಂ. ಬೇಳೆ ಸಾರಿಗೆ ಒಗ್ಗರಣೆ ಹಾಕುವ ಹತ್ತು ಕಾಳು ಆ ಕೆಲಸ ಮಾಡುವುದಿಲ್ಲ. ಬೆಳ್ಳುಳ್ಳಿಯ ಕಥೆ ಇನ್ನೂ ನೇರ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ 192 ಜನರಿಗೆ ಆರು ತಿಂಗಳು, ಹಸಿ ಬೆಳ್ಳುಳ್ಳಿ ಕೆಲವರಿಗೆ, ಬೆಳ್ಳುಳ್ಳಿ ಮಾತ್ರೆ ಕೆಲವರಿಗೆ, ಹುಸಿಮಾತ್ರೆ ಉಳಿದವರಿಗೆ ಕೊಟ್ಟು ನೋಡಿದರು. ಎಲ್‌ಡಿಎಲ್ ಕದಲಲಿಲ್ಲ. 2022ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 190 ಜನರ ಮೇಲೆ 28 ದಿನ ನಡೆದ ಪರೀಕ್ಷೆಯಲ್ಲಿ ದಾಲ್ಚಿನ್ನಿ, ಅರಿಶಿನ, ಬೆಳ್ಳುಳ್ಳಿ, ಮೀನೆಣ್ಣೆ ಮುಂತಾದ ಆರು ಪೂರಕಗಳನ್ನು ಒಂದು ಕಡೆ, 5 ಮಿಲಿಗ್ರಾಮಿನ ರೊಸುವಾಸ್ಟಾಟಿನ್ ಮಾತ್ರೆಯನ್ನು ಇನ್ನೊಂದು ಕಡೆ ಇಟ್ಟರು. ಮಾತ್ರೆ ಎಲ್‌ಡಿಎಲ್ ಅನ್ನು ಸುಮಾರು ಶೇ 38ರಷ್ಟು ಇಳಿಸಿತು. ಆರರಲ್ಲಿ ಒಂದು ಪೂರಕವೂ ಹುಸಿಮಾತ್ರೆಗಿಂತ ಮೇಲಾಗಲಿಲ್ಲ. ಅರಿಶಿನ, ಬೆಳ್ಳುಳ್ಳಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಬೆಳ್ಳುಳ್ಳಿ ಇಲ್ಲದ ಕುರ್ಮಾ ಕುರ್ಮಾವೇ ಅಲ್ಲ. ರುಚಿಗೆ ತಿನ್ನಿ.

ಇದನ್ನೆಲ್ಲ ಇಷ್ಟು ಬಿಗಿಯಾಗಿ ಬರೆಯಲು ಕಾರಣ ನನ್ನ ಚಾಚಾ. ಐವತ್ತೆಂಟರ ವಯಸ್ಸು, ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಎದೆ ನೋವು ಬಂದು ಸ್ಟೆಂಟ್ ಹಾಕಿಸಿಕೊಂಡರು. ಡಾಕ್ಟರು ರಕ್ತ ತೆಳು ಮಾಡುವ ಮಾತ್ರೆ, ಸ್ಟಾಟಿನ್ ಮಾತ್ರೆ ಬರೆದುಕೊಟ್ಟು ಜೀವಮಾನ ನಿಲ್ಲಿಸಬಾರದು ಎಂದಿದ್ದರು. ಕೆಲವು ತಿಂಗಳು ಕಳೆದ ಮೇಲೆ ರಿಪೋರ್ಟಿನಲ್ಲಿ ಕೊಲೆಸ್ಟರಾಲ್ ಸರಿಯಾಗಿದೆ ಎಂದು ಬಂತು. ಯಾರೋ ಬಂದು, ಈಗ ಸರಿಯಾಗಿದೆಯಲ್ಲ, ಈ ಕೆಮಿಕಲ್ ಮಾತ್ರೆ ಬಿಡಿ, ಲಿವರ್ ಹಾಳಾಗುತ್ತದೆ, ಈ ಗಿಡಮೂಲಿಕೆ ಕಷಾಯ ಕುಡಿಯಿರಿ ಎಂದರು. ಬಾಟಲಿಗೆ ಎಂಟುನೂರು ರೂಪಾಯಿ. ಮಾತ್ರೆಗಿಂತ ಕಷಾಯವೇ ದುಬಾರಿ. ಚಾಚಾ ಮಾತ್ರೆ ನಿಲ್ಲಿಸಿದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಐದನೇ ತಿಂಗಳು ಮತ್ತೆ ದಾವಣಗೆರೆಗೆ ರಾತ್ರೋರಾತ್ರಿ ಒಯ್ಯಬೇಕಾಯಿತು. ಬದುಕಿದರು, ಆದರೆ ಹೃದಯದ ಒಂದು ಭಾಗ ಬದುಕಲಿಲ್ಲ. ಈಗ ಮಸೀದಿಯ ಮೂರು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ರಿಪೋರ್ಟು ಸರಿಯಾಗಿದ್ದದ್ದು ಮಾತ್ರೆ ತಿನ್ನುತ್ತಿದ್ದುದರಿಂದ ಎಂಬ ಒಂದು ವಾಕ್ಯವನ್ನು ಅವರಿಗೆ ಹೇಳುವವರು ಯಾರೂ ಇರಲಿಲ್ಲ.

'ಕೆಮಿಕಲ್' ಎಂದು ಅವರು ಹೆದರಿದ ಆ ಸ್ಟಾಟಿನ್ ಹುಟ್ಟಿದ್ದು ಎಲ್ಲಿ ಗೊತ್ತೇ? ಜಪಾನಿನ ಅಕಿರಾ ಎಂಡೊ ಸುಮಾರು 6,000 ಬಗೆಯ ಬೂಷ್ಟುಗಳನ್ನು ಜಾಲಾಡಿ, 1973ರಲ್ಲಿ ಅಕ್ಕಿಯ ಮೇಲೆ ಬೆಳೆದ ಒಂದು ಪೆನಿಸಿಲಿಯಂ ಬೂಷ್ಟಿನಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು. ಹೊನ್ನಾಳಿಯವರು ಮಳೆಗಾಲದಲ್ಲಿ ಅಕ್ಕಿ ಚೀಲ ಬಿಚ್ಚಿ ಮುಖ ಸಿಂಡರಿಸುವ ಬೂಷ್ಟಿನ ನೆಂಟನೇ ಅದು. ನೈಸರ್ಗಿಕ ಎಂದರೆ ಅದಕ್ಕಿಂತ ನೈಸರ್ಗಿಕ ಯಾವುದಿದೆ? ಇನ್ನೊಂದು ತಮಾಷೆ ಕೇಳಿ. ಎಂಡೊ ಅವರ ಔಷಧವನ್ನು ಇಲಿಗಳಿಗೆ ಕೊಟ್ಟಾಗ ಕೊಲೆಸ್ಟರಾಲ್ ಇಳಿಯಲೇ ಇಲ್ಲ. ಕೆಲಸ ಅಲ್ಲಿಗೇ ನಿಲ್ಲುವುದರಲ್ಲಿತ್ತು. ಛಲ ಬಿಡದೆ ಕೋಳಿಗಳಿಗೆ ಕೊಟ್ಟರು, ಇಳಿಯಿತು. ನಾಯಿಗಳಿಗೆ ಕೊಟ್ಟರು, ಇಳಿಯಿತು. ಮುಂದೆ ಮನುಷ್ಯರಲ್ಲೂ ಇಳಿಯಿತು. ಇಲಿಯನ್ನು ನಂಬಿ ಉಪ್ಪಾಗೆಯನ್ನು ತಲೆಯ ಮೇಲೆ ಹೊತ್ತೆವು. ಇಲಿಯನ್ನೇ ನಂಬಿದ್ದರೆ ಸ್ಟಾಟಿನ್ನನ್ನು ಚರಂಡಿಗೆ ಚೆಲ್ಲುತ್ತಿದ್ದೆವು. ಆದ್ದರಿಂದ ಸಂದೇಶದಲ್ಲಿ 'ಸಾಬೀತಾಗಿದೆ' ಎಂದು ಕಂಡ ಕೂಡಲೇ ಕೇಳಬೇಕಾದ್ದು, ಯಾರಲ್ಲಿ ಸಾಬೀತಾಗಿದೆ? ಎಷ್ಟು ಜನರಲ್ಲಿ? ಎಷ್ಟು ಗ್ರಾಂ ತಿಂದು? ಹುಸಿಮಾತ್ರೆಯ ಗುಂಪು ಇತ್ತೇ? ಮಾರುವವರು ಯಾರು?

ಸ್ಟಾಟಿನ್‌ಗೂ ಅಡ್ಡಪರಿಣಾಮ ಇದೆ. ಕೆಲವರಿಗೆ ಮೈಕೈ ನೋವು ಬರುತ್ತದೆ, ಲಿವರ್ ಪರೀಕ್ಷೆಯಲ್ಲಿ ಏರುಪೇರು ಕಾಣಬಹುದು. ಆದರೆ ಅದು ಚೀಟಿಯ ಮೇಲೆ ಅಚ್ಚಾಗಿರುತ್ತದೆ. ಒಗ್ಗದಿದ್ದರೆ ಡಾಕ್ಟರ ಹತ್ತಿರ ಹೋಗಿ ಬದಲಾಯಿಸಿಕೊಳ್ಳಬಹುದು. ಕಷಾಯದ ಬಾಟಲಿಯ ಮೇಲೆ 'ಯಾವುದೇ ಅಡ್ಡಪರಿಣಾಮವಿಲ್ಲ' ಎಂದಷ್ಟೇ ಇರುತ್ತದೆ. ಪರಿಣಾಮವಿರುವ ಯಾವ ವಸ್ತುವಿಗೂ ಅಡ್ಡಪರಿಣಾಮವಿಲ್ಲದಿರುವುದು ಸಾಧ್ಯವಿಲ್ಲ ಎನ್ನುವುದು ಜೀವಶಾಸ್ತ್ರದ ಮೊದಲ ಪಾಠ.

ಹಾಗಾದರೆ ಗಿಡಗಳಿಂದ ಏನೂ ಪ್ರಯೋಜನ ಇಲ್ಲವೇ ಎಂದು ಕೇಳುವಿರಿ. ಇದೆ, ಆದರೆ ಅದು ಡಬ್ಬಿಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ತಟ್ಟೆಯಲ್ಲಿದೆ. ಇಸಬ್‌ಗೋಲ್‌ನಂಥ ಕರಗುವ ನಾರು ಪಿತ್ತರಸವನ್ನು ಹಿಡಿದು ಹೊರಗೆ ಒಯ್ಯುತ್ತದೆ. ಲಿವರ್ ಹೊಸ ಪಿತ್ತರಸ ತಯಾರಿಸಲು ರಕ್ತದ ಕೊಲೆಸ್ಟರಾಲನ್ನೇ ಎಳೆದುಕೊಳ್ಳಬೇಕಾಗುತ್ತದೆ. ಇದು ಮನುಷ್ಯರಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಹೊನ್ನಾಳಿಯ ಭತ್ತದ ತೌಡು ಎಮ್ಮೆಗೆ ಹೋಗುತ್ತದೆ. ಅದರಿಂದ ತೆಗೆದ ಎಣ್ಣೆಯಲ್ಲಿ ಒರೈಜನಾಲ್ ಇದ್ದು, ಎಲ್‌ಡಿಎಲ್ ಅನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ. ಜಗಳೂರಿನ ಅಜ್ಜಿಯರು ಉಂಡ ನವಣೆ, ಸಾಮೆಗಳಂಥ ಸಿರಿಧಾನ್ಯಗಳ ಬಗ್ಗೆ ಹೈದರಾಬಾದಿನ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ 19 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ನೋಡಿದಾಗ, ಸಿರಿಧಾನ್ಯ ಉಂಡವರಲ್ಲಿ ಒಟ್ಟು ಕೊಲೆಸ್ಟರಾಲ್ ಸುಮಾರು ಶೇ 8ರಷ್ಟು ಇಳಿದಿತ್ತು. ಶೇ 8 ಸಣ್ಣದಲ್ಲ, ಆದರೆ ಸ್ಟೆಂಟ್ ಹಾಕಿದವರಿಗೆ ಅದೊಂದೇ ಸಾಲದು. ಮಾತ್ರೆಯ ಬದಲಿಗಲ್ಲ, ಮಾತ್ರೆಯ ಜೊತೆಗೆ. ಅಂದಹಾಗೆ, ಬೆಳಗ್ಗೆ ನವಣೆ ಉಪ್ಪಿಟ್ಟು ತಿಂದು ಸಂಜೆ ಬೇಕರಿಯಲ್ಲಿ ಎರಡು ಪಫ್ಸ್ ತಿಂದರೆ ಲೆಕ್ಕ ಎಲ್ಲಿಗೆ ನಿಲ್ಲುತ್ತದೆ ಎಂದು ನಿಮಗೇ ಬಿಟ್ಟಿದ್ದೇನೆ. ಈ ಮಾತು ಸ್ಟಾಫ್ ರೂಮಿಗೂ ಅನ್ವಯಿಸುತ್ತದೆ.

ನನ್ನ ಬೇಡಿಕೆ ಎರಡು. ಒಂದು ಆಡಳಿತ ಮಂಡಳಿಗೆ. ಶಾಲಾ ಕಾಲೇಜುಗಳ ನೂರು ಗಜದ ಒಳಗೆ ತಂಬಾಕು ಮಾರುವಂತಿಲ್ಲ ಎಂಬ ಕಾನೂನು ಇದ್ದೇ ಇದೆ. ಅದೇ ದಾರದಲ್ಲಿ ಪಕ್ಕಕ್ಕೆ ನೇತಾಡುವ ಪಾನ್ ಮಸಾಲೆಗೂ ನಮ್ಮ ಗೇಟಿನ ಎದುರು ಜಾಗ ಇರಬಾರದು. ಅಂಗಡಿಯವರ ಜೊತೆ ಜಗಳ ಬೇಡ, ಕೂತು ಮಾತಾಡೋಣ. ಅವರ ಮಕ್ಕಳೂ ಇಲ್ಲೇ ಓದುತ್ತಾರೆ.

ಇನ್ನೊಂದು ನಿಮಗೆ. ಈ ವಾರ ಮನೆಗೆ ಹೋದಾಗ ಅಪ್ಪ, ಅಬ್ಬಾ, ದಾದಾ, ಅಜ್ಜಿ, ಯಾರಿಗೆ ಬಿಪಿ, ಸಕ್ಕರೆ, ಹೃದಯದ ತೊಂದರೆ ಇದೆಯೋ ಅವರ ಮಾತ್ರೆಯ ಡಬ್ಬಿ ತೆಗೆದು ನೋಡಿ. ಪಟ್ಟಿಯಲ್ಲಿ ಎಷ್ಟು ಖಾಲಿಯಾಗಬೇಕಿತ್ತೋ ಅಷ್ಟು ಖಾಲಿಯಾಗಿದೆಯೇ ಎಂದು ಎಣಿಸಿ. ಬೈಯಬೇಡಿ, ಯಾಕೆ ಬಿಟ್ಟಿರಿ ಎಂದು ಕೇಳಿ. ದುಡ್ಡಿನ ಕಾರಣವಾದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆ. ಮೈಕೈ ನೋವಿನ ಕಾರಣವಾದರೆ ಡಾಕ್ಟರಿಗೆ ಹೇಳಬೇಕು. ಯಾರೋ ಹೇಳಿದರು ಎಂಬ ಕಾರಣವಾದರೆ ಆ ಯಾರೋ ಕೊಟ್ಟ ಡಬ್ಬಿ, ಬಾಟಲಿಯ ಲೇಬಲ್ಲನ್ನು ಹರಿಯದಂತೆ ಬಿಡಿಸಿಕೊಂಡು ಬನ್ನಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಕಡೆಯ ಬಸ್ಸಿನವರು ತಲಾ ಹತ್ತು ತಂದರೂ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಯಾವ ಗಿಡ, ಎಷ್ಟು ಮಿಲಿಗ್ರಾಂ, ತಯಾರಿಕೆಯ ಲೈಸೆನ್ಸ್ ಸಂಖ್ಯೆ ಇದೆಯೇ, ಏನೇನು ಭರವಸೆ ಕೊಟ್ಟಿದ್ದಾರೆ ಎಂದು ಒಂದು ಕೋಷ್ಟಕ ಮಾಡಿ ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಹಾಕೋಣ. ಶನಿವಾರ ಮಧ್ಯಾಹ್ನ ಜೀವಶಾಸ್ತ್ರ ಪ್ರಯೋಗಾಲಯ ತೆರೆದಿರುತ್ತದೆ. ಲೇಬಲ್ ಸಾಕು, ಒಳಗಿನ ಪುಡಿ ತರಬೇಡಿ; ಹೋದ ವರ್ಷ ಯಾರೋ ತಂದಿಟ್ಟ ಚೂರ್ಣದ ವಾಸನೆ ಇನ್ನೂ ಬೀರುವಿನಿಂದ ಹೋಗಿಲ್ಲ.